ಇಂಜಿನ್ನಿನ ಕೈಗೆ ಕಂಕಣ

ಪೆಡಲಿನ ಮೇಲೆ ಕಾಲಿಡದಿದ್ದರೂ ಗಾಡಿ ರೇಸ್ ಆಗುತ್ತಿತ್ತು. ದಾಳಿಂಬ ಎಂಬ ಹಳ್ಳಿಯ ಆ ಮನೆಗೆ ಹಿಂದಿನ ಭೂಕಂಪದ ನಂತರ ಹೊದಿಸಿದ ತಗಡು ಇನ್ನೂ ಇತ್ತು. ಅಂಗಳದಲ್ಲಿ ಹಳೆಯ ಪಿಕಪ್ ಚಾಲೂ ಆಯಿತೆಂದರೆ ತಗಡು ಗಡಗಡ ನಡುಗುವುದು, ಮತ್ತೆ ಭೂಕಂಪವೆಂದು ಗೌರಾಬಾಯಿ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹೊರಗೆ ಓಡುವುದು. ದಸರೆಯ ಮರುದಿನದಿಂದ ಇದೇ ನಡೆದಿತ್ತು. ಓಡಿಬಂದ ಮೇಲೆ ಆಕೆಗೆ ನಾಚಿಕೆ, ನಾಚಿಕೆಯ ಹಿಂದೆಯೇ ಸಿಟ್ಟು. ಆ ಸಿಟ್ಟು ಸೊಸೆ ತ್ರಿವೇಣಿಯ ಮೇಲೆ.

ತ್ರಿವೇಣಿ ಸ್ಟೇರಿಂಗ್ ಹಿಡಿದದ್ದೂ ದಸರೆಯ ಮರುದಿನವೇ. ಗಂಡ ಅಮರನಾಥನ ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಗೇರು ಹಾಕಲು ಬರುತ್ತಿರಲಿಲ್ಲ. ತವರಿನಲ್ಲಿ ಅಪ್ಪನ ಜೀಪು ಓಡಿಸಿದ್ದ ಆಕೆ ಊರಿನ ಸೋಯಾಬೀನ್ ಚೀಲಗಳನ್ನು ಉದಗೀರದ ಅಡತಿ ಅಂಗಡಿಗೆ ತಾನೇ ಒಯ್ಯತೊಡಗಿದಳು. ಮೈದುನ ವಿರೂಪಾಕ್ಷನಿಗೆ ಅದನ್ನು ಸೈರಿಸಲಾಗಲಿಲ್ಲ. ಆ ಗಾಡಿಯ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

“ಹೆಣ್ಣಮಕ್ಕಳ ಕಾಲು ಭಾರ ಇರ್ತದ್ರಿ ಅಪ್ಪಾ,” ಎಂದ ಒಂದು ಬೆಳಿಗ್ಗೆ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ. “ವೈನಿ ಒತ್ತಿ ಒತ್ತಿ ಡೀಸೆಲ್ ಪಂಪ್ ಕೆಡಿಸ್ಯಾರ. ಉಮರ್ಗಾದ ಮಿಸ್ತ್ರಿನೂ ಪಂಪ್ ಹೋಗ್ಯಾದ ಅಂತಾನ.”

ಮಾವ ಕಾಶೆಪ್ಪ ಕೈ ಚಾಚಿದ. “ಕೀಲಿ ಅವನಿಗಿ ಕೊಡವಾ ತ್ರಿವೇಣಿ. ದಿನಾ ಹಿಂಗ ತಗಡ ನಡುಗಿದ್ರ ನಿಮ್ಮತ್ತಿ ಎದಿ ಒಡದು ಸಾಯ್ತಾಳ.”

“ಪಂಪ್ ಕೆಟ್ಟದಂತ ಕಣ್ಣಿಗಿ ಕಾಣ್ಲಿ, ಕೊಡ್ತೀನ್ರಿ ಮಾವಾ. ಕೆಟ್ಟಿಲ್ಲಂದ್ರ ಕೊಡಂಗಿಲ್ಲ.”

ಆಕೆ ಗಾಡಿ ಚಾಲೂ ಮಾಡಿಟ್ಟು, ಸೆರಗು ಸಿಕ್ಕಿಸಿ ಬಾನೆಟ್ ಎತ್ತಿದಳು. ವಿರೂಪಾಕ್ಷ ಬಂದು ಪಕ್ಕದಲ್ಲಿ ನಿಂತ.

“ವೈನಿ, ಅದು ಇಂಜಿನ್ ಅದ. ಒಲಿ ಅಲ್ಲ.”

“ಗೊತ್ತದ. ಒಲಿ ಆಗಿದ್ರ ನೀ ಇಷ್ಟು ಹತ್ರ ಬರ್ತಿದ್ದಿಲ್ಲ.”

ಮೊದಲು ಕಾಲಡಿಯ ಚಾಪೆ ತೆಗೆದು ನೋಡಿದಳು. ಪೆಡಲು ಪೂರಾ ಮೇಲೆ ಬಂದಿತ್ತು. ಪಂಪಿನ ಹತ್ತಿರ ಪೆಡಲಿನ ಕೇಬಲ್ ಕಳಚಿದಳು. ಗಾಡಿ ಹಾಗೇ ಒದರುತ್ತಿತ್ತು. ಅಂದರೆ ತಪ್ಪು ಪೆಡಲಿನದಲ್ಲ, ಕೇಬಲಿನದಲ್ಲ, ಅದನ್ನು ಒತ್ತುವ ಕಾಲಿನದಂತೂ ಅಲ್ಲ.

ಉಳಿದದ್ದು ಪಂಪು. ಕೇಬಲ್ ಎಳೆಯುವ ಸಣ್ಣ ತೋಳಿಗೆ ಮಿಸ್ತ್ರಿಗಳು ಪಂಪಿನ ಕೈ ಅನ್ನುತ್ತಾರೆ. ಕಾಲು ತೆಗೆದಾಗ ಸ್ಪ್ರಿಂಗು ಆ ಕೈಯನ್ನು ಹಿಂದಕ್ಕೆಳೆದು ಒಂದು ಸ್ಕ್ರೂಗೆ ತಾಗಿಸಿ ನಿಲ್ಲಿಸಬೇಕು. ಸ್ಕ್ರೂ ಸಡಿಲಿಸಿದರೆ ರೇಸು ಇಳಿಯಬೇಕು. ಉಮರ್ಗಾದ ಮಿಸ್ತ್ರಿ ಅದನ್ನು ಕೊನೆಯವರೆಗೂ ಸಡಿಲಿಸಿದ್ದ, ರೇಸು ಇಳಿಯದಿದ್ದಾಗ ಪಂಪು ಕೆಟ್ಟಿದೆ ಎಂದು ಕೈ ತೊಳೆದುಕೊಂಡಿದ್ದ. ತ್ರಿವೇಣಿ ಅದನ್ನು ಇನ್ನೊಮ್ಮೆ ಹಿಂದೆ ಮುಂದೆ ತಿರುಗಿಸಿದಳು. ಏನೂ ಬದಲಾಗಲಿಲ್ಲ. ಹಾಗಾದರೆ ಕೈ ಸ್ಕ್ರೂವನ್ನು ಮುಟ್ಟುತ್ತಲೇ ಇಲ್ಲ.

ಗಾಡಿ ಬಂದ್ ಮಾಡಿ ಪೈಪುಗಳ ಹಿಂದೆ ಬೆರಳು ತೂರಿಸಿದಳು. ಕೈಗೂ ಸ್ಕ್ರೂಗೂ ನಡುವೆ ಏನೋ ಗಟ್ಟಿಯಾದದ್ದು ಸಿಕ್ಕಿಕೊಂಡಿತ್ತು. ಎಣ್ಣೆ, ಧೂಳು ಮೆತ್ತಿ ಇಂಜಿನ್ನಿನದೇ ತುಣುಕಿನಂತೆ ಕರ್ರಗಾಗಿತ್ತು. ಉಗುರಿನಿಂದ ಕೆರೆದಳು. ಹಳದಿ ಕಂಡಿತು.

ಅರಿಶಿನ ಕೊಂಬು. ಅದಕ್ಕೆ ಸುತ್ತಿ ಬಿಗಿದ ದಾರ.

“ಅಯ್ಯ ಶಿವನೇ, ಖಂಡೇಪೂಜಿ ಕಂಕಣ!” ಎಂದಳು ಹಣಿಕಿದ ಗೌರಾಬಾಯಿ.

ದಸರೆಯಲ್ಲಿ ಹತಾರುಗಳಿಗೆ ಕಂಕಣ ಕಟ್ಟುವುದು ಆ ಮನೆಯ ಪದ್ಧತಿ. ಕಟ್ಟುವವರು ಗಂಡಸರು. ಹೆಂಗಸರು ಮುಟ್ಟಬಾರದೆಂದು ತ್ರಿವೇಣಿಯನ್ನು ಅಂದು ಹೊಸ್ತಿಲಾಚೆ ನಿಲ್ಲಿಸಿದ್ದರು. ನೇಗಿಲಿಗೆ ಕಟ್ಟಿ, ಕೂರಿಗೆಗೆ ಕಟ್ಟಿ, ಬಾನೆಟ್ಟಿನೊಳಗೆ ತಲೆ ಹಾಕಿದ್ದವನು ವಿರೂಪಾಕ್ಷ. ಇಂಜಿನ್ನಿಗೆ ಎಲ್ಲೆಂದರಲ್ಲಿ ಅಲ್ಲ, ಕೈಗೇ ಕಟ್ಟಿದ್ದೇನೆ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಕಂಕಣ ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಬಿಡಲಿಲ್ಲ. “ದೇವರ ದಾರಕ್ಕ ಚಾಕು ಹಚ್ತೀರೇನು?”

“ಕೊಯ್ಬ್ಯಾಡವಾ, ಘಾತ ಆಗ್ತದ,” ಎಂದಳು ಗೌರಾಬಾಯಿ.

“ಲಗ್ನದ ಕಂಕಣನೂ ಬಿಚ್ಚತಾರ್ರಿ ಅತ್ತಿ. ಈ ಇಂಜಿನ್ನಿಗಿ ಇನ್ನೂ ಎಷ್ಟು ದಿನ ಮದಲಗಿತ್ತಿ ಮಾಡಿ ಕೂಡಸ್ತೀರಿ?”

ಚೀಲ ಬಿಚ್ಚುವ ಚಾಕುವಿನಿಂದ ದಾರ ಕೊಯ್ದಳು. ಕೈ ಟಕ್ಕನೆ ಹಿಂದೆ ಸರಿಯಿತು. ಕೇಬಲ್ ಸಿಕ್ಕಿಸಿ ಗಾಡಿ ಚಾಲೂ ಮಾಡಿದಳು. ಅದು ಎರಡು ಸಲ ಗೊರಕ್ಕೆಂದು ಬಂದ್ ಆಯಿತು.

“ಆತು, ಘಾತ!” ವಿರೂಪಾಕ್ಷ ನಕ್ಕ.

“ನಿನ್ನ ಮಿಸ್ತ್ರಿ ಸ್ಕ್ರೂ ಪೂರಾ ಬಿಚ್ಚಿಟ್ಟಾನ, ಮತ್ತೇನಾಗ್ತದ?”

ಸ್ಕ್ರೂ ತುಸು ತುಸು ಬಿಗಿದು ಮತ್ತೆ ಕೀಲಿ ತಿರುಗಿಸಿದಳು. ಈ ಸಲ ಇಂಜಿನ್ನು ನಿಂತಲ್ಲೇ ಮೆಲ್ಲಗೆ, ಒಂದೇ ಸಮ ಗುಡುಗುಡಿಸಿತು. ಓಡಲು ಕಾಲೆತ್ತಿದ್ದ ಗೌರಾಬಾಯಿ ತಗಡಿನ ಕಡೆ ನೋಡಿದಳು. ತಗಡು ಸುಮ್ಮನಿತ್ತು.

ಕಾಶೆಪ್ಪ ಅರಿಶಿನ ಕೊಂಬನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಇನ್ನು ಮಾತು ಮುಗಿಯಿತು ಎಂದುಕೊಂಡಳು ತ್ರಿವೇಣಿ. ಮುಗಿದಿರಲಿಲ್ಲ.

“ಛಲೋ ಆತು. ಆದ್ರೂ ಗಾಡಿ ಗಂಡಸರ ಕೈಯಾಗ ಇದ್ರ ಚಂದ. ಕೀಲಿ ಕೊಡವಾ.”

ಚಾಚಿದ ಆ ಕೈಯನ್ನು ಆಕೆ ಒಂದು ಗಳಿಗೆ ನೋಡಿದಳು. ಇವರಿಗೆ ಪಂಪಿನ ಚಿಂತೆ ಎಂದೂ ಇರಲಿಲ್ಲ.

“ನೀವು ಹೇಳಿದ ಕಾರಣ ನಿಮ್ಮ ಅಂಗೈಯಾಗ ಅದ್ರಿ ಮಾವಾ. ಇನ್ನೊಂದು ಹುಡುಕಿ ಇಡ್ರಿ. ಅಷ್ಟ್ರಾಗ ನಾ ಉದಗೀರಕ್ಕ ಹೋಗಿ ಬರ್ತೀನಿ.”

ಬಾನೆಟ್ ದಪ್ಪನೆ ಹಾಕಿ ಹತ್ತಿ ಕುಳಿತಳು. ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಅಮರನಾಥ ಎಡಗಡೆಯ ಬಾಗಿಲು ತೆಗೆದು ಹತ್ತಿದ. ವಿರೂಪಾಕ್ಷ ಗಾಡಿಗೆ ಅಡ್ಡ ನಿಂತ.

ತ್ರಿವೇಣಿ ಕಿಟಕಿಯಿಂದ ತಲೆ ಹಾಕಿದಳು.

“ಸರಿ ಆಚಿಗಿ. ನನ್ನ ಕಾಲು ಭಾರ ಅದ.”