ಎರಡು ಮಧ್ಯಾಹ್ನದ ದನಿ

ಗಂಟಲಿನ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ದನಿ ಹೋಗಲೂಬಹುದು ಎಂಬುದನ್ನು ಡಾಕ್ಟರರು ನಜ್ಮಾಳಿಂದ ಮುಚ್ಚಿಡಲಿಲ್ಲ. ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದವಳು ಅವಳು. ಮನೆಗೆ ಬಂದು ಅತ್ತಾಗ ಧೈರ್ಯ ಹೇಳಿದವನು ಅಣ್ಣ ಸಮೀವುಲ್ಲಾ.

"ಅಳಬ್ಯಾಡ. ಅದಕ್ಕಿಂತ ಮೊದಲ ನಿನ್ನ ದನಿ ನಾ ಹಿಡಿದಿಡ್ತೇನಿ."

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಅವನದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಎರಡು ಮಧ್ಯಾಹ್ನ ಶಟರ್ ಎಳೆದು ಅವಳನ್ನು ಮೈಕಿನ ಮುಂದೆ ಕೂರಿಸಿದ. ಮೆಣಸಿನಕಾಯಿ ಘಾಟಿಗೆ ನಡುನಡುವೆ ಕೆಮ್ಮುತ್ತ ಅವಳು ಮೂರನೇ ತರಗತಿಯ ಪಾಠ ಓದಿದಳು, ಹಾಜರಿ ಕರೆದಳು, ಹಿಂದಿನ ಬೆಂಚಿನವರನ್ನು ಗದರಿದಳು, ಗದರುತ್ತಲೇ ನಕ್ಕುಬಿಟ್ಟಳು.

ಡಾಕ್ಟರರು ಹೆದರಿದಂತೆಯೇ ಆಯಿತು. ಗಡ್ಡೆಯ ಜೊತೆ ದನಿಯೂ ಹೋಗಿ ಬರೀ ಉಸಿರಿನ ಪಿಸುಮಾತು ಉಳಿಯಿತು. ಶಾಲೆಯವರು ಮೂರು ತಿಂಗಳು ಕಾದು, ಇನ್ನು ಲೈಬ್ರರಿ ನೋಡಿಕೊಳ್ಳಿ ಎಂದರು. ಆ ಶಾಲೆಯ ಲೈಬ್ರರಿ ಎಂದರೆ ಒಂದು ಕಪಾಟು.

ರೆಕಾರ್ಡಿಂಗ್ ಕೊಡು ಎಂದಾಗಲೆಲ್ಲ ಸಮೀವುಲ್ಲಾ, "ಸ್ವಚ್ಛ ಮಾಡಾಕತ್ತೇನಿ," ಎನ್ನುತ್ತಿದ್ದ. ಕಡೆಗೊಂದು ದಿನ ಹಾವೇರಿಗೆ ಕರೆದ. "ನಂದೊಂದು ಕಾರ್ಯಕ್ರಮ ಐತಿ, ಬಾ. ನಿನ್ನ ದನಿ ಕೇಳಸ್ತೇನಿ."

ಸಭಾಂಗಣದ ಮೇಜಿನ ಮೇಲೆ ಗುಂಡಿಗಳೂ ಬಣ್ಣದ ವೈರುಗಳೂ ಕಿಕ್ಕಿರಿದ ಪೆಟ್ಟಿಗೆಯಿತ್ತು. ವರ್ಷಗಟ್ಟಲೆ ಬಿಡಿಬಿಡಿ ಭಾಗ ಕೂಡಿಸಿ ಅವನೇ ಕಟ್ಟಿದ ಸಿಂಥಸೈಜರ್ ಅದು, ಕರೆಂಟಿನಿಂದ ಸ್ವರ ಹೊರಡಿಸುವ ವಾದ್ಯ. "ಇದರಾಗ ಒಬ್ಬ ಹೆಣ್ಣುಮಗಳ ದನಿ ಐತ್ರಿ," ಎಂದು ಅವನು ಜನಕ್ಕೆ ವಿವರಿಸಿದ. "ಅದರ ಒಂದೊಂದ ಅಲೆ ಕತ್ತರಿಸಿ ಸಾಲಾಗಿ ಜೋಡ್ಸೇನಿ. ಇದಕ್ಕ ವೇವ್‌ಟೇಬಲ್ ಅಂತಾರ. ಯಾವ ಅಲೆ ಬೇಕೋ ಅದನ್ನ ಸುತ್ತಿಸಿಕೋತ ಇದ್ರ ದನಿ ನಿಲ್ಲೂದ ಇಲ್ಲ."

"ಆ" ಎಂದು ದನಿ ಹೊರಟಿತು. ಅವಳದೇ. ನಜ್ಮಾ ಕುರ್ಚಿಯ ಕೈ ಹಿಡಿದುಕೊಂಡಳು. "ಆ" ಮೆಲ್ಲಗೆ "ಈ" ಆಯಿತು, "ಈ" ಹೋಗಿ "ಊ" ಆಯಿತು. ಎಲ್ಲಿಯೂ ಉಸಿರೆಳೆಯಲಿಲ್ಲ. ಆಮೇಲೆ ಅವನು ಇನ್ನೊಂದು ಗುಂಡಿ ತಿರುಗಿಸಿದ. ಅಲೆಯ ನೆತ್ತಿಯನ್ನು ಒಳಕ್ಕೆ ಮಡಚಿ ಅದರ ಆಕಾರವನ್ನೇ ಬದಲಿಸುವ ಗುಂಡಿ ಅದು ಎಂದ. ದನಿ ಒರಟಾಯಿತು, ತಗಡು ಹರಿದಂತೆ ಕಿರುಚಿತು. ಜನ ಚಪ್ಪಾಳೆ ತಟ್ಟಿದರು. ಹೆಣ್ಣುಮಗಳು ಯಾರೆಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಜನ ಚದುರಿದ ಮೇಲೆ ಅವಳು ಹತ್ತಿರ ಹೋದಳು. "ಭಾಯಿ, ನಾ ಪಾಠ ಓದಿದ್ದು ಎಲ್ಲೈತಿ?"

ಕೇಳಿಸಿಕೊಳ್ಳಲು ಅವನು ಬಗ್ಗಬೇಕಾಯಿತು. "ಅದೆಲ್ಲಾ ಯಾಕ? ತಿರುಳು ತಗೊಂಡೇನಲ್ಲ. ಅರವತ್ನಾಕು ಅಲೆ ಅದಾವ ಇದರಾಗ."

"ಉಳಿದದ್ದು?"

"ಮೆಮೊರಿ ಕಾರ್ಡ್ ತುಂಬಿತ್ತು. ಅಳಿಸೇನಿ."

ಅವನ ಮುಖದಲ್ಲಿ ಇನ್ನೂ ಚಪ್ಪಾಳೆಯ ಖುಷಿಯಿತ್ತು. ನಜ್ಮಾ ಪೆಟ್ಟಿಗೆಯನ್ನೇ ನೋಡುತ್ತ, "ನನ್ನ ಹೆಸರು ಅನ್ನಿಸು ಅದಕ್ಕ," ಎಂದಳು.

ಅವನು ಗುಂಡಿ ತಿರುಗಿಸಿದ. "ಅ" ಬಂತು, "ಆ" ಬಂತು. ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ.

"ಸ್ವರ ಅಷ್ಟ ಉಳೀತಾವ. ಮಾತು ಉಳಿಯೂದಿಲ್ಲ ಇದರಾಗ," ಎಂದ.

ಅವಳು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಕಂಡಕ್ಟರ್ ಎಲ್ಲಿಗೆಂದು ಎರಡು ಸಲ ಕೇಳಿದ. ಪಕ್ಕದಲ್ಲಿ ಕೂತವರು ಅವಳ ಬದಲು ಊರಿನ ಹೆಸರು ಹೇಳಿದರು.

ತಿಂಗಳಾದ ಮೇಲೆ ಸಮೀವುಲ್ಲಾ ಫೋನ್ ಮಾಡಿದ. ಹಾವೇರಿಯ ಕಾರ್ಯಕ್ರಮ ಕೇಳಿದವರು ಹುಬ್ಬಳ್ಳಿಗೂ ಕರೆದಿದ್ದರಂತೆ. "ನಜ್ಮಾ, ನಿನ್ನ ಈಗಿನ ದನಿ ಐತಲ್ಲ, ಬರೀ ಗಾಳಿ ಗಾಳಿ, ಅಂಥಾದ್ದು ಎಲ್ಲೂ ಸಿಗೂದಿಲ್ಲ. ಒಂದು ತಾಸು ಅಂಗಡಿಗೆ ಬಂದು ಹೋಗು."

ಅವಳು ಫೋನ್ ಕತ್ತರಿಸಿದಳು. ಅಡುಗೆಮನೆಯಿಂದ ತಾಯಿ ಬಿಸ್ಮಿಲ್ಲಾಬಿ, "ಯಾರದು ಫೋನು?" ಎಂದು ಕೇಳಿದಳು.

"ರಾಂಗ್ ನಂಬರ್," ಎಂದಳು ನಜ್ಮಾ. ಒಗ್ಗರಣೆಯ ಸದ್ದಿನಲ್ಲಿ ಅದು ತಲುಪಲಿಲ್ಲ. ತಾಯಿ ಮತ್ತೆ ಕೇಳಿದಳು. ನಜ್ಮಾ ಎದ್ದು ಒಲೆಯ ಹತ್ತಿರ ಹೋಗಿ, ತಾಯಿಯ ಕಿವಿಗೆ ಬಾಯಿಟ್ಟು, ಅದನ್ನೇ ಇನ್ನೊಮ್ಮೆ ಹೇಳಿದಳು.