ರೊಟ್ಟಿ ತಿಂದವರಿಗೆ ಜಡ್ಡಿಲ್ಲ

"ತಿನ್ನು ಬೇ ರಂಡಿ, ಮುಕ್ಕು. ಜಡ್ಡ ಬಿದ್ದೋರ ಬಾಯಾಗ ರೊಟ್ಟಿ ಇಳೀತದೇನು ನೋಡೋಣು."

ಕಲ್ಯಾಣಪ್ಪ ಗೌಡ ವಾಡೆಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಕೆಳಗೆ ಅಂಗಳದಲ್ಲಿ ಸಾಬವ್ವ ತಲೆ ತಗ್ಗಿಸಿ ನಿಂತಿದ್ದಳು. ಗೌಡನ ಆಳು ಗುರಣ್ಣ ಮೇಲಿನಿಂದ ಒಗೆದ ರೊಟ್ಟಿ ಅವಳ ಸೆರಗಿಗೆ ಬಿದ್ದಿತ್ತು.

ಇದು ಗೌಡನ ವೈದ್ಯ. ಕೂಲಿಯವರಲ್ಲಿ ಯಾರಿಗೇ ಮೈ ನೆಟ್ಟಗಿಲ್ಲವೆಂದರೂ ವಾಡೆಗೆ ಬಂದು ತೋರಿಸಬೇಕು. ನಾಡಿ ಹಿಡಿಯೋಣವೆಂದರೆ ಹೊಲಗೇರಿಯವರ ಕೈ ಮುಟ್ಟುವಂತಿಲ್ಲ. ಅದಕ್ಕೇ ರೊಟ್ಟಿ ಒಗೆದು ನೋಡುವುದು. ತಿಂದರೆ ಜಡ್ಡಿಲ್ಲ, ನಡಿ ಕಣಕ್ಕೆ. ತಿನ್ನದಿದ್ದರೆ ಹಸಿವಿಲ್ಲ, ಹಸಿವಿಲ್ಲದವರಿಗೆ ಸುಗ್ಗಿಯ ಪಾಲಿನ ಜೋಳ ಯಾಕೆ? ಹಿಂದಿನ ದಿನದಿಂದ ಒಲೆ ಹಚ್ಚದ ಮನೆಯವರು ಸೆರಗಿಗೆ ಬಿದ್ದ ರೊಟ್ಟಿ ಬಿಟ್ಟಾರೆಯೇ? ಹೋದ ಸುಗ್ಗಿಯಲ್ಲಿ ಗೇರಿಯ ಕೂಲಿಯಾಳು ಭಗವಂತ ಕೆಂಡದಂಥ ಮೈಯಲ್ಲೇ ರೊಟ್ಟಿ ತಿಂದು ಕಣಕ್ಕೆ ಹೋಗಿ ಅಲ್ಲೇ ಬಿದ್ದ. ಅವನು ಕೈಯಿಟ್ಟ ಗಡಿಗೆಯಲ್ಲೇ ಎಲ್ಲರೂ ನೀರು ಕುಡಿದರು. ಜ್ವರ ಗೇರಿಯ ಮನೆಮನೆ ಹೊಕ್ಕು ಅವನನ್ನೂ ಎರಡು ಕೂಸುಗಳನ್ನೂ ಒಯ್ದಿತು. "ರೊಟ್ಟಿ ತಿಂದಿದ್ದ, ನಾನೇ ನೋಡೀನಿ," ಎಂದುಬಿಟ್ಟ ಗೌಡ.

"ಜ್ವರ ಅಲ್ರಿ ಧಣಿ," ಎಂದಳು ಸಾಬವ್ವ, ರೊಟ್ಟಿ ನುಂಗಿ. "ಕಣ್ಣ ಬಂದಾವ್ರಿ. ಹೊಟ್ಟಿನ ಧೂಳಾಗ ನಿಂತು ತೂರಿದ್ರ ಹೋಗೇಬಿಡ್ತಾವ. ನಮ್ಮತ್ತೀವು ಹಂಗೇ ಹೋದವು."

ಹೇಳುತ್ತ ಹೇಳುತ್ತ ತಲೆ ತುಸು ಮೇಲೆದ್ದಿತು. ಗೌಡ ಥಟ್ಟನೆ ಧೋತರದ ಚುಂಗನ್ನು ಮುಖಕ್ಕೆ ಹಿಡಿದ.

"ನೆಲಾ ನೋಡು ಬೇ ಹಾದರಗಿತ್ತಿ. ಬಂದ ಕಣ್ಣ ನೋಡಿದ್ರ ನನಗೂ ಬರ್ತಾವ. ಗಿರದಾವರ ಬರೂದ್ರಾಗ ಜ್ವಾಳ ಹಗೇವಿಗಿ ಬೀಳಬೇಕು. ನಡಿ."

ಯುದ್ಧದ ಕಾಲ. ನಿಜಾಮನ ಸರ್ಕಾರ ಗಿರದಾವರನನ್ನು ಊರೂರಿಗೆ ಕಳಿಸಿ ಲೆವಿ ಎಂದು ರೈತರ ಜೋಳ ಅಳೆಸಿಕೊಳ್ಳುತ್ತಿತ್ತು. ಅಷ್ಟರೊಳಗೆ ಅರ್ಧ ರಾಶಿಯನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚುವ ಅವಸರ ಗೌಡನಿಗೆ. ಸಾಬವ್ವ ಕಣಕ್ಕೆ ನಡೆದಳು.

ಬೇನೆಗೆ ವಾಡೆಯ ಕಟ್ಟಳೆ ಎಲ್ಲಿ ಗೊತ್ತು? ಕಣ್ಣೊರೆಸಿದ ಕೈಯಲ್ಲೇ ಸಾಬವ್ವ ಮೊರ ಹಿಡಿದಳು. ಆ ಮೊರ ಪಿಂಜಾರರ ಪೀರಬಿಯ ಕೈಗೆ ಹೋಯಿತು, ಅವಳಿಂದ ಎತ್ತು ಕಟ್ಟಿ ಹಂತಿ ಹೊಡೆಯುವವರಿಗೆ, ಅವರಿಂದ ಗುರಣ್ಣನಿಗೆ. ಇಜೇರಿಯ ಸಂತೆ ಬರುವಷ್ಟರಲ್ಲಿ ಕಣವೆಲ್ಲ ಕೆಂಪು ಕಣ್ಣು. ಎತ್ತುಗಳು ಮಾತ್ರ ನೆಟ್ಟಗೆ ನೋಡುತ್ತಿದ್ದವು.

"ನಾಳಿಗಿ ನಾನೂ ಹೋಗ್ತೇನಿ ವಾಡೇಕ್ಕ," ಎಂದಳು ಪೀರಬಿ, ಸಂಜೆ ಸಾಬವ್ವನ ಅಂಗಳದಲ್ಲಿ ಕೂತು. "ಅಂವ ರೊಟ್ಟಿ ಒಗೀತಾನ, ನಾ ತಿಂತೇನಿ. ಹಾಳ ಹೊಟ್ಟಿ ಮಾತ ಕೇಳಬೇಕಲ್ಲ."

"ಒಬ್ಬೊಬ್ರೇ ಯಾಕ ಹೋಗ್ತೀರಿ?" ಎಂದಳು ಸಾಬವ್ವನ ಅತ್ತೆ, ಕುರುಡಿ ಮಾಣಿಕಮ್ಮ. "ಬಂದು ತೋರಸ್ರಿ ಅಂದಾನಿಲ್ಲೋ? ಎಲ್ಲಾರೂ ಹೋಗಿ ತೋರಸ್ರಿ."

ಸಾಬವ್ವನಿಗೆ ಆ ಧೋತರದ ಚುಂಗು ನೆನಪಾಯಿತು. ಬಿದ್ದು ಬಿದ್ದು ನಕ್ಕಳು. "ಅತ್ತಿ, ಅಂವ ಅಂಜತಾನ. ನಮ್ಮ ಕಣ್ಣಿಗಿ ಅಂಜತಾನ."

"ಹಂಗಾರ ನಾನೂ ಬರ್ತೇನಿ."

"ನಿನಗೇನು ಜಡ್ಡು, ಮಾಣಿಕಮ್ಮ?" ಎಂದಳು ಪೀರಬಿ.

"ನನ್ನವು ಅದೇ ಕಣದಾಗ ಹೋದ ಕಣ್ಣ ಅಲ್ಲೇನು? ಅವನ್ನೂ ನೋಡ್ಲಿ."

ಬೆಳಿಗ್ಗೆ ಗೌಡ ಬಾಯಿ ಮುಕ್ಕಳಿಸುತ್ತ ಹೊರಗೆ ಬಂದರೆ ಅಂಗಳದ ತುಂಬ ತಗ್ಗಿಸಿದ ತಲೆಗಳು.

"ಏನಲೇ ಸೂಳಿಮಕ್ಳಾ, ಯಾರ ಸತ್ರು?"

"ಯಾರೂ ಸತ್ತಿಲ್ರಿ ಧಣಿ," ಎಂದಳು ಸಾಬವ್ವ. "ಜಡ್ಡ ತೋರಸಾಕ ಬಂದೇವ್ರಿ."

"ಗುರಣ್ಣ, ರೊಟ್ಟಿ ತಾರಲೇ."

ಗುರಣ್ಣ ಮೆಟ್ಟಿಲ ಬಳಿ ಗೋಡೆ ತಡವುತ್ತ ಕೂತಿದ್ದ. "ರೊಟ್ಟಿ ಎಲ್ಲೈತಿ ಕಾಣವಲ್ದ್ರಿ ಗೌಡ್ರೆ," ಎಂದ.

ಹುಟ್ಟಿದಾಗಿನಿಂದ ಸಾಬವ್ವನ ಕುತ್ತಿಗೆಗೆ ಗೊತ್ತಿದ್ದದ್ದು ಬಾಗುವುದೊಂದೇ. ಅತ್ತೆಯ ಕೈ ಗಟ್ಟಿಯಾಗಿ ಹಿಡಿದು ತಲೆ ಎತ್ತಿದಳು. ರಕ್ತದಂಥ ಕಣ್ಣನ್ನು ಅಗಲಿಸಿ ಗೌಡನನ್ನು ನೋಡಿದಳು. ಪೀರಬಿ ಎತ್ತಿದಳು. ಹಿಂದಿನವರೆಲ್ಲ ಎತ್ತಿದರು. ಮಾಣಿಕಮ್ಮನೂ ತನ್ನ ಬಿಳಿಗಣ್ಣುಗಳನ್ನು ಕಟ್ಟೆಯತ್ತ ತಿರುಗಿಸಿದಳು.

ಗೌಡನ ಕೈಯ ತಂಬಿಗೆ ಉರುಳಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಮುಚ್ಚರಲೇ, ಕಣ್ಣ ಮುಚ್ಚರಿ."

"ಮುಚ್ಚಿದ್ರ ಜಡ್ಡ ಹೆಂಗ ಕಾಣಬೇಕ್ರಿ? ಚಂದಂಗ ನೋಡ್ರಿ."

"ಹೋಗ್ರಿ ಮನೀಗಿ. ಆರಾಮ ಆಗೂತನ ಬರಬ್ಯಾಡ್ರಿ."

"ಪಾಲಿನ ಜ್ವಾಳ?"

"ಕೊಡ್ತೇನಿ."

"ಮಾರಿ ಮುಚ್ಚಿಕೊಂಡು ಅಂದ್ರ ಹೆಂಗ ನಂಬೂದ್ರಿ? ನಮ್ಮ ಕಡಿ ನೋಡಿ ಹೇಳ್ರಿ."

"ಬಸವಣ್ಣನಾಣಿ ಕೊಡ್ತೇನಿ," ಎಂದವನೇ ಗೌಡ ಹೊಸ್ತಿಲು ಎಡವಿ ಒಳಗೆ ಓಡಿ ಬಾಗಿಲು ಹಾಕಿಕೊಂಡ.

ಮನೆಗೆ ಬರುವಾಗ ಮಾಣಿಕಮ್ಮ ಕೇಳಿದಳು: "ಕಣ್ಣಿದ್ದಾಗೂ ನಾ ಗೌಡರ ಮಾರಿ ನೋಡಿದಾಕಿ ಅಲ್ಲ. ಹೆಂಗೈತಿ ಬೇ?"

ಸಾಬವ್ವ ನೋಡಿದ್ದೂ ಅದೇ ಮೊದಲು. "ಏನಿಲ್ಲ ಅತ್ತಿ. ಮೂಗಿನ ಮ್ಯಾಲೊಂದು ನರೂಲಿ ಐತಿ. ಕಣ್ಣ ನಮ್ಮಂಗೇ ಎರಡು."

ಗೇರಿಯವರು ಮನೆಯ ನೆರಳಲ್ಲಿ ಮಲಗಿ ಎದ್ದರು, ಕಣ್ಣು ತೊಳೆದುಕೊಂಡರು, ಸುಗ್ಗಿಯಲ್ಲಿ ಮೊದಲ ಬಾರಿಗೆ ಹಗಲು ಹೊತ್ತು ಹರಟೆ ಹೊಡೆದರು. ಗಿರದಾವರ ಬಂದು, ಹಗೇವಿಗೆ ಸುರಿಯುವವರಿಲ್ಲದೆ ಕಣದಲ್ಲೇ ಬಿದ್ದಿದ್ದ ಇಡೀ ರಾಶಿಯನ್ನು ಅಳೆಸಿದ. ಸಾಬವ್ವನ ಕಣ್ಣು ತಿಳಿಯಾದ ದಿನವೇ ಸುದ್ದಿ ಬಂತು: ಗುರಣ್ಣ ಹಿಡಿದ ತಂಬಿಗೆಯಲ್ಲೇ ಮುಖ ತೊಳೆದು ಗೌಡನಿಗೂ ಕಣ್ಣು ಬಂದಿವೆ; ವಾಡೆಯ ಕಟ್ಟೆಯ ಮೇಲೆ ಕೂತು ನರಳುತ್ತಿದ್ದಾನೆ.

ಸಾಬವ್ವ ಒಲೆ ಹಚ್ಚಿ ಒಂದು ರೊಟ್ಟಿ ಬಡಿದಳು. ಬಿಸಿ ಇರುವಾಗಲೇ ಸೆರಗಿನಲ್ಲಿ ಸುತ್ತಿಕೊಂಡು ವಾಡೆಗೆ ನಡೆದಳು. ಅಂಗಳದ ನಡುವೆ ನಿಂತು, ತಲೆ ಎತ್ತಿ, ಗುರಿಯಿಟ್ಟು ಒಗೆದಳು. ಹೊಲಗೇರಿಯ ರೊಟ್ಟಿ ಗೌಡನ ಮಡಿಲಿಗೆ ಹೋಗಿ ಬಿತ್ತು.

"ತಿನ್ರಿ ಧಣಿ," ಎಂದಳು. "ನೋಡೋಣು."