ಖಾಲಿ ಕಡಲಿನ ಮೂರು ಫೋಟೋ

"ನನ್ನ ಕಾರ್ಡ್ ಫುಲ್ ಆಯ್ತು, ನಿನ್ನದೊಂದು ಕೊಡು ಮಾರಾಯ."

ಭಾನುವಾರ ಕಾಪುವಿನ ಕಡಲತೀರಕ್ಕೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ದೀಪಸ್ತಂಭದ ಹತ್ತಿರ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಬಂದವರ ಫೋಟೋ ತೆಗೆದು ಬದುಕುವವರಿದ್ದಾರೆ. ಒಬ್ಬರ ಕ್ಯಾಮೆರಾ ಒಂದು ಕಂಪನಿಯದು, ಇನ್ನೊಬ್ಬರದು ಇನ್ನೊಂದು. ಫೋಟೋ ಉಳಿಯುವ ಮೆಮೊರಿ ಕಾರ್ಡು ಮಾತ್ರ ಬೀಡಿಯ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಕ್ಯಾಮೆರಾ ಅದನ್ನು ಓದದಿದ್ದರೆ ಎಲ್ಲವನ್ನೂ ಅಳಿಸುವ ಫಾರ್ಮ್ಯಾಟ್ ಒತ್ತುವುದು, ಕೆಲಸ ಮುಂದುವರಿಸುವುದು. ಅದರೊಳಗೆ ಯಾರ ಮುಖ ಇತ್ತು ಎಂದು ಕೇಳುವವರಿಲ್ಲ.

ಕೊಪ್ಪಳದ ಕಡೆಯ ಭೀಮೇಶನೂ ಇವರಲ್ಲೊಬ್ಬ. ಮೊದಲು ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ಹಳೆಯ ಕ್ಯಾಮೆರಾವೊಂದನ್ನು ಕೊಂಡು ಇಲ್ಲಿ ಬಂದು ನಿಂತ. ಫೋಟೋ ತೆಗೆದು, ಗಿರಾಕಿಯ ಮೊಬೈಲಿಗೆ ಅಲ್ಲಿಯೇ ಹಾಕಿಕೊಟ್ಟು, ಕಾರ್ಡಿನಿಂದ ಅಳಿಸುವುದು ಅವನ ಪದ್ಧತಿ.

ಒಂದು ಭಾನುವಾರ ಮಧ್ಯಾಹ್ನ ಅವನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಹೆಸರು ಯಮನವ್ವ. ಕಟ್ಟಡದ ಕೂಲಿ, ಪರ್ಕಳದಲ್ಲಿ ಬಾಡಿಗೆ ಕೋಣೆ.

"ತಮ್ಮಾ, ನೆನಪೈತೇನು? ಹೋದ ತಿಂಗಳ ನಾವು ಗಂಡ ಹೆಂಡ್ತಿ ಬಂದಿದ್ವಿ. ನಮ್ಮ ಕಡೆ ಮಾತು ಕೇಳಿ ನೀನ ಕರದು ಫೋಟೋ ಹೊಡದಿದ್ದಿ."

"ನೆನಪೈತಿ ಬಿಡಕ್ಕಾ. ನಿಮ್ಮದು ಗುಂಡಿ ಫೋನು, ಹಾಕಾಕ ಬರಲಿಲ್ಲ. ಮತ್ತ ಬಂದಾಗ ಪ್ರಿಂಟ್ ಕೊಡ್ತೀನಿ ಅಂದಿದ್ದೆ. ಪ್ರಿಂಟ್ ಹಾಕಸಾಕ ಉಡುಪಿಗೆ ಹೋಗಾಕ ಆಗಲಿಲ್ಲ, ಖರೇ ಅಂದ್ರ ಮೈಗಳ್ಳತನ. ಆದ್ರ ಉಳದವ್ರದ್ದೆಲ್ಲಾ ಅಳಸೀನಿ, ನಿಮ್ಮದೊಂದು ಇಟ್ಟೀನಿ ನೋಡು. ಮಾವ ಎಲ್ಲಿ, ನೀರಿಗೆ ಇಳದಾನೇನು?"

"ಮಾವ ಇಲ್ಲಪ್ಪಾ. ಸ್ಲ್ಯಾಬಿಗೆ ಕಟ್ಟಿದ ಸೆಂಟ್ರಿಂಗ್ ಮ್ಯಾಲಿಂದ ಬಿದ್ದ."

ಯಮನವ್ವ ಮುಂದುವರಿಸಿದಳು. ಗಂಡ ತಿಮ್ಮಣ್ಣನ ಜೊತೆಗೆ ಅವನ ಫೋನೂ ಬಿದ್ದು ಪುಡಿಯಾಯಿತು. ಈಗ ಕೋಣೆಯ ಗೋಡೆಯ ಮೇಲಿರುವುದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ.

"ಅದು ಅವನ ಮಾರಿ ಅಲ್ಲ, ಅವನ ಮುಖಾನ ಅಲ್ಲ ತಮ್ಮಾ. ಪೊಲೀಸರ ಮುಂದ ನಿಂತವನ ಹಂಗ ಕಾಣತೈತಿ. ಕೆಲಸ ಮುಗಿಸಿ ಬಂದು ಕದ ತಗದ್ರ ಅದು ನನ್ನ ಗುರತ ಹಿಡಿಯಂಗಿಲ್ಲ."

ತಿಮ್ಮಣ್ಣ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಚಿತ್ರ ಹೆದ್ದಾರಿಯ ಬದಿಯಲ್ಲಿ ಮನೆಯಷ್ಟು ದೊಡ್ಡ ಫಲಕದ ಮೇಲೆ ಇದೆ. ರಾತ್ರಿ ಅದಕ್ಕೆ ದೀಪವನ್ನೂ ಹಾಕುತ್ತಾರೆ. ಅದನ್ನು ಕಟ್ಟಿದವನ ನಗುಮುಖ ಉಳಿದಿದ್ದದ್ದು ಉಗುರಿನಗಲದ ಒಂದು ಕಾರ್ಡಿನಲ್ಲಿ. ಆ ಫೋಟೋ ತೆಗೆಯುವಾಗ ಅಲೆ ಬಂದು ಕಾಲಿಗೆ ಹೊಡೆಯಿತು. ನಾಲ್ಕು ಜನರ ಎದುರು ಎಂದೂ ಹೆಂಡತಿಯನ್ನು ಮುಟ್ಟದ ತಿಮ್ಮಣ್ಣ ಗಾಬರಿಯಿಂದ ಅವಳ ಕೈ ಹಿಡಿದ. ಹಿಡಿದದ್ದು ತಿಳಿದು ನಕ್ಕ. ಭೀಮೇಶ ಸರಿಯಾಗಿ ಆಗಲೇ ಕ್ಲಿಕ್ ಮಾಡಿದ್ದ.

"ತೋರಸ್ತೀನಿ ಇರಕ್ಕಾ," ಎಂದು ಭೀಮೇಶ ಕ್ಯಾಮೆರಾ ಆನ್ ಮಾಡಿದರೆ ಬ್ಯಾಟರಿ ಸತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಫೋಟೋಗ್ರಾಫರ್ ಅಕ್ಷಿತನ ಕ್ಯಾಮೆರಾ ತೆಗೆದುಕೊಂಡು, ಅದರೊಳಗೆ ತನ್ನ ಕಾರ್ಡು ಹಾಕಿದ. ಅದು ಬೇರೆ ಕಂಪನಿಯ, ಇನ್ನೂ ಹಳೆಯ ಕ್ಯಾಮೆರಾ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು.

"ಕಾರ್ಡ್ ಓದ್ಲಿಕ್ಕೆ ಆಗುವುದಿಲ್ಲ, ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತಾ ಉಂಟು," ಎಂದ ಅಕ್ಷಿತ್.

"ದಿನಾ ಕೇಳೂದ ಅದ," ಎಂದು ಭೀಮೇಶ ಒತ್ತಿಬಿಟ್ಟ. ಅವರು ಯಾವಾಗಲೂ ಒತ್ತುತ್ತಿದ್ದದ್ದು ಫೋಟೋ ಎಲ್ಲ ಕೊಟ್ಟು ಮುಗಿಸಿದ ಕಾರ್ಡಿಗೆ. ಇಂದು ಕಾರ್ಡಿನಲ್ಲಿ ಒಬ್ಬ ಮನುಷ್ಯನಿದ್ದ. ಹೆಬ್ಬೆರಳಿಗೆ ಅದು ಗೊತ್ತಾಗಲಿಲ್ಲ.

ಪರದೆ ಖಾಲಿಯಾಯಿತು.

"ಕಾರ್ಡೇ ಹಾಳಾಯ್ತಾ ಎಂತ, ನೋಡುವ," ಎಂದು ಅಕ್ಷಿತ್ ಕಡಲಿನ ಕಡೆಗೆ ಮೂರು ಫೋಟೋ ಹೊಡೆದ. ಮೂರೂ ಚೆನ್ನಾಗಿ ಬಂದವು. ಬರಿಯ ನೀರು, ಬರಿಯ ಮರಳು, ಆಚೆ ಬರಿಯ ಆಕಾಶ.

ಯಮನವ್ವ ಇಣುಕಿ ನೋಡಿದಳು. "ಇದರಾಗ ಅವ ಎಲ್ಲಿ ಅದಾನ?"

ಅಕ್ಷಿತ್ ಉಡುಪಿಯ ಸ್ಟುಡಿಯೋದ ರೇಮಂಡರಿಗೆ ಫೋನ್ ಹಚ್ಚಿ ನಡೆದದ್ದನ್ನು ಹೇಳಿದ. ಆ ಕಡೆಯಿಂದ ಬಂದ ಮೊದಲ ಮಾತು: "ಕಾರ್ಡ್ ಹೊರಗೆ ತೆಗಿ. ಇನ್ನು ಒಂದೇ ಒಂದು ಕ್ಲಿಕ್ ಮಾಡ್ಬೇಡ. ಅದರ ಬದಿಯಲ್ಲಿ ಸಣ್ಣ ಲಾಕ್ ಉಂಟಲ್ವಾ, ಅದನ್ನು ಕೆಳಗೆ ಸರಿಸು, ಹೊಸತು ಏನೂ ಒಳಗೆ ಹೋಗ್ಲಿಕ್ಕಿಲ್ಲ. ಭೀಮೇಶನ ಹತ್ತಿರ ಹೇಳು, ಈಗಲೇ ಬಸ್ ಹತ್ಲಿಕ್ಕೆ."

ಬಸ್ಸಿನಲ್ಲಿ ಯಮನವ್ವ ಕಿಟಕಿಯ ಬದಿಗೆ ಕೂತಳು. ಪಕ್ಕದ ಸೀಟು ಖಾಲಿಯಿತ್ತು. ಭೀಮೇಶ ಅಲ್ಲಿ ಕೂರಲಾಗದೆ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದ.

ರೇಮಂಡ್ ಭಾನುವಾರವಾದರೂ ಅರ್ಧ ಶಟರ್ ಎತ್ತಿ ಕಾಯುತ್ತಿದ್ದರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು.

"ಅಳಿಸಿ ಹೋದದ್ದು ಎಲ್ಲಿಂದ ಬಂದೀತ್ರೀ ರೇಮಂಡಣ್ಣಾ?" ಎಂದ ಭೀಮೇಶ. "ಸುಮ್ನ ಅಕ್ಕಗ ಆಸೆ ಹಚ್ಚಬ್ಯಾಡ್ರಿ."

"ಆಸೆ ನಾನು ಹಚ್ಚುವುದಲ್ಲ, ನೀನು ಬೆಂಕಿ ಹಚ್ಚಿದ್ದು. ಕೇಳು. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಕೊಟ್ಟರೆ ಹೆಚ್ಚಾಗಿ ಫೋಟೋ ಕೂಡಲೇ ಸಾಯುವುದಿಲ್ಲ. ಯಾವುದು ಎಲ್ಲಿ ಉಂಟು ಅನ್ನುವ ಗುರುತು ಮಾತ್ರ ಹೋಗ್ತದೆ. ಮನೆಯ ನಂಬರ್ ಪ್ಲೇಟ್ ಕಿತ್ತ ಹಾಗೆ, ಒಳಗೆ ಜನ ಇರ್ತಾರೆ. ಮೇಲಿಂದ ಹೊಸ ಫೋಟೋ ತೆಗೆದರೆ ಅದು ಬಂದು ಆ ಜಾಗದಲ್ಲಿ ಕೂರ್ತದೆ. ಆಮೇಲೆ ದೇವರೂ ತೆಗೆದು ಕೊಡುವುದಿಲ್ಲ. ಕೆಲವು ಕ್ಯಾಮೆರಾ ಫಾರ್ಮ್ಯಾಟಿನಲ್ಲೇ ಪೂರ್ತಿ ಒರೆಸಿ ಹಾಕುವುದೂ ಉಂಟು."

"ಇಷ್ಟು ವರ್ಷ ಕಾರ್ಡ್ ಅದಲು ಬದಲು ಮಾಡೇವಿ, ಏನೂ ಆಗಿಲ್ಲಲ್ರೀ."

"ಆಗಿಲ್ಲ ಅಂತ ನಿನಗೆ ಯಾರು ಹೇಳಿದ್ದು? ತೀರಿಹೋದವರ ಫೋಟೋ ಕೇಳಿಕೊಂಡು ಎಷ್ಟು ಜನ ವಾಪಸ್ ಕಾಪುವಿಗೆ ಬರ್ತಾರೆ? ಈ ಅಮ್ಮ ಬಂದರು, ಹಾಗಾಗಿ ಗೊತ್ತಾಯ್ತು."



ಕಂಪ್ಯೂಟರ್ ಕಾರ್ಡನ್ನು ನಿಧಾನವಾಗಿ ಜಾಲಾಡಿತು. ಭೀಮೇಶ ಹಿಂದೆ ಅಳಿಸಿದ್ದ ಮುಖಗಳೂ ಒಂದೊಂದಾಗಿ ಮೇಲೆದ್ದು ಬಂದವು. ಯಾರೋ ಮದುಮಗಳು, ಐಸ್‌ಕ್ರೀಂ ಬೀಳಿಸಿ ಅಳುವ ಮಗು, ಕಾರ್ಕಳದಿಂದ ಬಂದ ಕಾಲೇಜು ಹುಡುಗಿಯರು. ಆ ಮಗುವೊಂದು ಬಿಟ್ಟರೆ ಎಲ್ಲರೂ ನಗುತ್ತಿದ್ದರು, ಎಲ್ಲರೂ ಗುಂಪಾಗಿದ್ದರು. ಯಮನವ್ವ ಒಬ್ಬಳೇ ಸ್ಟೂಲಿನ ಮೇಲೆ ಕೂತು ಆ ಅಪರಿಚಿತರನ್ನೆಲ್ಲ ನೋಡಿದಳು. ಅವನಲ್ಲ. ಇವನೂ ಅಲ್ಲ.

ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ತಿಮ್ಮಣ್ಣ ಬಂದ. ಹಣೆ ಬಂತು, ಗಾಳಿಗೆ ಹಾರಿದ ಕೂದಲು ಬಂತು, ಮುಚ್ಚಿಕೊಳ್ಳಲಾಗದ ಆ ನಗು ಬಂತು. ಪಕ್ಕದಲ್ಲಿ ಸೆರಗು ಕಚ್ಚಿದ ಯಮನವ್ವ. ಎದೆಯ ಮಟ್ಟಕ್ಕೆ ಬಂದು ಚಿತ್ರ ನಿಂತುಬಿಟ್ಟಿತು. ಅಲ್ಲಿಂದ ಕೆಳಗೆ ಸಿಮೆಂಟಿನ ಗೋಡೆಯಂತೆ ಬರಿಯ ಬೂದು ಬಣ್ಣ.

ರೇಮಂಡ್ ಮತ್ತೆ ಮತ್ತೆ ಪ್ರಯತ್ನಿಸಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿದರು.

"ಈ ಫೋಟೋ ಕಾರ್ಡಿನಲ್ಲಿ ಎರಡು ಕಡೆ ತುಂಡಾಗಿ ಕೂತಿತ್ತು. ಒಂದೊಂದೇ ಫೋಟೋ ಅಳಿಸ್ತಾ ಹೋದರೆ ಹಾಗೆ ಆಗುವುದುಂಟು. ಮೇಲಿನ ತುಂಡು ಸಿಕ್ಕಿತು. ಕೆಳಗಿನದ್ದು ಇದ್ದ ಜಾಗದಲ್ಲಿ ಈಗ ನಿಮ್ಮ ಆ ಮೂರು ಫೋಟೋ ಉಂಟು."

ಒಬ್ಬರನ್ನೊಬ್ಬರು ಹಿಡಿದ ಕೈಗಳ ಮೇಲೆ ಖಾಲಿ ಕಡಲು ಬಂದು ಕೂತಿತ್ತು.

"ಅಕ್ಕಾ, ನನ್ನ ಬೈಯಿ," ಎಂದ ಭೀಮೇಶ. "ಒಮ್ಮೆ ಬೈದುಬಿಡು."

ಯಮನವ್ವ ಪರದೆಯ ಹತ್ತಿರ ಹೋಗಿ ಬೂದು ಬಣ್ಣದ ಮೇಲೆ ಬೆರಳಿಟ್ಟಳು.

"ಮಾರಿ ಬಂತಲ್ಲ ತಮ್ಮಾ, ಸಾಕು. ನನಗ ಮಾರಿ ಮರೆತು ಹೋಗಾಕ ಹತ್ತಿತ್ತು. ಕೈ ಮರೆತಿಲ್ಲ."

ರೇಮಂಡ್ ಇದ್ದಷ್ಟನ್ನು ಪ್ರಿಂಟ್ ಹಾಕಿದರು. ಬೂದು ಭಾಗವನ್ನು ಕತ್ತರಿಸಲು ಹೊರಟಾಗ ಅವಳು ತಡೆದಳು. ಪರ್ಕಳದ ಬಸ್ಸಿಗೆ ಹತ್ತಿ, ಪ್ರಿಂಟಿನ ಕವರನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟು, ಬೀಳದಂತೆ ಅದರ ಮೇಲೆ ಕೈಯಿಟ್ಟುಕೊಂಡು ಹೋದಳು.

ಈಗ ಭೀಮೇಶನ ಜೇಬಿನಲ್ಲಿ ಎರಡು ಕಾರ್ಡುಗಳಿವೆ. ಎರಡರ ಮೇಲೂ ಅವನ ಹೆಸರಿನ ಚೀಟಿ ಅಂಟಿದೆ. "ಕಾರ್ಡ್ ಕೊಡು ಮಾರಾಯ" ಎಂದು ಕೇಳಿದವರಿಗೆ ಅವನು ಕೊಡುವುದಿಲ್ಲ. "ಪಿಟ್ಟಾಸಿ ಅನ್ರಿ, ಜಿಪುಣ ಅನ್ರಿ, ಏನಾರ ಅನ್ರಿ," ಎನ್ನುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮದುವೆ ಮನೆಯಲ್ಲಿ, ಸಂಘದ ಸಭೆಯಲ್ಲಿ, ಶಾಲೆಯಲ್ಲಿ ಕ್ಯಾಮೆರಾ ಹಿಡಿಯುವವರೇ, ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದಕ್ಕೆ ಹಾಕಬೇಡಿ. ಹಾಕಲೇಬೇಕಾದರೆ ಮೊದಲು ಫೋಟೋಗಳನ್ನು ಎರಡು ಕಡೆ ಇಳಿಸಿಕೊಳ್ಳಿ, ಅವು ತೆರೆಯುತ್ತವೆಯೇ ನೋಡಿ, ಆಮೇಲೆ ಯಾವ ಕ್ಯಾಮೆರಾದಲ್ಲಿ ಬಳಸುತ್ತೀರೋ ಅದರಲ್ಲಿಯೇ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ತಾನಾಗಿ ಫಾರ್ಮ್ಯಾಟ್ ಕೇಳಿದರೆ ಬೇಡ ಎನ್ನಿ, ಆಫ್ ಮಾಡಿ, ಕಾರ್ಡು ಹೊರಗೆ ತೆಗೆಯಿರಿ. ತಪ್ಪಿ ಒತ್ತಿದ್ದರೆ ಪರೀಕ್ಷೆಗೆಂದು ಒಂದು ಫೋಟೋವನ್ನೂ ತೆಗೆಯಬೇಡಿ. ತಿಳಿದವರ ಹತ್ತಿರ ಕೊಂಡೊಯ್ಯಿರಿ.

ಉಳ್ಳವರ ಮುಖ ನೂರು ಕಡೆ ಇರುತ್ತದೆ, ಹೆದ್ದಾರಿಯ ಬದಿಯಲ್ಲಿ ಕೂಡ. ಇಲ್ಲದವರ ಮುಖ ನಿಮ್ಮ ಬೆರಳ ತುದಿಯ ಆ ಒಂದೇ ಕಾರ್ಡಿನಲ್ಲಿ ಇರಬಹುದು. ಒತ್ತುವ ಮೊದಲು ಒಮ್ಮೆ ಕೇಳಿ: ಇದರೊಳಗೆ ಯಾರಿದ್ದಾರೆ?